ನಮ್ಮ ಬಡತನದ ಮರೆಯಲ್ಲಿ ಯಾರ ಹೊಗೆ?

ಕಳೆದ ತಿಂಗಳು ಒಂದು ಹಾಸ್ಟೆಲಿನಲ್ಲಿ ಸಭೆ ಮುಗಿಸಿ ಊಟಕ್ಕೆ ಕೂತಾಗ ಸೆಕೆಯ ಮಾತು ಬಂತು. "ಭೂಮಿ ಕಾಯೋದು ತಣಿಯೋದು ಹಿಂದಿನಿಂದ ಇದ್ದದ್ದೇ. ಜ್ವಾಲಾಮುಖಿ ಉಗುಳೋದರ ಮುಂದೆ ಮನುಷ್ಯನ ಹೊಗೆ ಎಷ್ಟು?" ಅಂದ ಒಬ್ಬ ಗೆಳೆಯ. ಇನ್ನೊಬ್ಬ, "ಜನಸಂಖ್ಯೆ ಜಾಸ್ತಿ ಆಯ್ತು, ಬಡವರು ಮಕ್ಕಳನ್ನ ಹೆರೋದು ಕಡಿಮೆ ಮಾಡಬೇಕು" ಅಂದ. ಇಬ್ಬರೂ ನಮ್ಮ ಕೇರಿಗಳಿಂದಲೇ ಬಂದವರು. ಈ ಮಾತು ಅವರ ಬಾಯಿಗೆ ಎಲ್ಲಿಂದ ಬಂತು ಅಂತ ನಮಗೆ ಯೋಚನೆ ಹತ್ತಿತು.

ಮೊದಲು ಲೆಕ್ಕ ನೋಡೋಣ. ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಅಳೆಯತೊಡಗಿದಾಗ ಅದು ಹತ್ತು ಲಕ್ಷಕ್ಕೆ ಸುಮಾರು 315 ಭಾಗ ಇತ್ತು. 2024ರ ಸರಾಸರಿ 424 ದಾಟಿತು. ಕಾರ್ಖಾನೆಗಳ ಯುಗಕ್ಕೆ ಮೊದಲು ಅದು 280ರಷ್ಟಿತ್ತೆಂದು ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿಕೊಂಡ ಹಳೆಯ ಗಾಳಿಗುಳ್ಳೆಗಳು ಹೇಳುತ್ತವೆ. ಏರಿಸಿದ್ದು ಯಾರು? ಲೋಕದ ಜ್ವಾಲಾಮುಖಿಗಳೆಲ್ಲ ಸೇರಿ ವರ್ಷಕ್ಕೆ ಬಿಡುವುದು ಮನುಷ್ಯನ ಪಾಲಿನ ನೂರರಲ್ಲಿ ಒಂದಂಶವೂ ಆಗುವುದಿಲ್ಲ. ಇನ್ನೊಂದು ಸಾಕ್ಷಿ ಇದೆ. ಗಿಡಮರಗಳು ಹಗುರವಾದ ಇಂಗಾಲವನ್ನೇ ಹೆಚ್ಚು ಹೀರುತ್ತವೆ. ಕಲ್ಲಿದ್ದಲು, ಪೆಟ್ರೋಲು ಹುಟ್ಟಿದ್ದು ಹಳೆಯ ಕಾಲದ ಜೀವರಾಶಿಯಿಂದ. ಅವನ್ನು ಸುಟ್ಟಷ್ಟೂ ಗಾಳಿಯಲ್ಲಿ ಭಾರದ ಇಂಗಾಲ-13ರ ಪಾಲು ಇಳಿಯಬೇಕು. ಇಳಿಯುತ್ತಿದೆ. ಸುಡಲು ಆಮ್ಲಜನಕ ಬೇಕು, ಅದೂ ತಗ್ಗಬೇಕು. ತಗ್ಗುತ್ತಿದೆ ಅಂತ ಕೀಲಿಂಗರ ಮಗ ರಾಲ್ಫ್ ಕೀಲಿಂಗ್ ಅಳೆದು ತೋರಿಸಿದರು. (ಉಸಿರು ಕಟ್ಟುವಷ್ಟಲ್ಲ, ಹೆದರಬೇಡಿ.) ಜ್ವಾಲಾಮುಖಿಯ ಹೊಗೆಗೆ ಈ ಗುರುತುಗಳಿಲ್ಲ.

ಇಷ್ಟು ಗೊತ್ತಿದ್ದೂ ಗೊಂದಲ ಯಾಕೆ? ಎಕ್ಸಾನ್ ತೈಲ ಕಂಪನಿಯ ವಿಜ್ಞಾನಿಯೇ 1977ರಲ್ಲಿ ತನ್ನ ಯಜಮಾನರಿಗೆ ಇದನ್ನು ವಿವರಿಸಿದ್ದ. ಆ ಕಾಗದಗಳನ್ನು ಪತ್ರಕರ್ತರು ಹೊರಗೆಳೆದದ್ದು 2015ರಲ್ಲಿ. ನಡುವೆ, 1989ರಲ್ಲಿ, ಅದೇ ಕಂಪನಿಯೂ ಸೇರಿದ ತೈಲ, ಕಲ್ಲಿದ್ದಲು, ಕಾರು ಧಣಿಗಳ ಕೂಟ ಹುಟ್ಟಿ 2002ರವರೆಗೂ ಕಾರಣದ ಬಗ್ಗೆ ಅನುಮಾನ ಬಿತ್ತಿತು. ನಮಗಿದು ಹೊಸದೇನಲ್ಲ. ಬಾವಿ ಮುಟ್ಟಬೇಡ ಅನ್ನೋನು ತಪ್ಪನ್ನು ದೇವರ ಮೇಲೆ ಹಾಕುತ್ತಿದ್ದ, ಇವರು ಜ್ವಾಲಾಮುಖಿಯ ಮೇಲೆ ಹಾಕಿದರು. ಟ್ರಂಪ್ ಅಂತೂ 2017ರಲ್ಲಿ ಒಮ್ಮೆ, 2025ರಲ್ಲಿ ಮತ್ತೊಮ್ಮೆ ಪ್ಯಾರಿಸ್ ಒಪ್ಪಂದದಿಂದ ಹೊರಬರುವುದಾಗಿ ಸಾರಿದರು.

ಇನ್ನು ಜನಸಂಖ್ಯೆಯ ಮಾತು. 1750ರಿಂದ ಸುಟ್ಟು ಗಾಳಿಗೆ ಸೇರಿಸಿದ್ದರಲ್ಲಿ ಅಮೆರಿಕ ಒಂದರದೇ ಸುಮಾರು ಕಾಲು ಪಾಲು. ಭೂಮಿಯ ಮೇಲಿನ ಆರು ಜನರಲ್ಲಿ ಒಬ್ಬರು ಇರುವ ಭಾರತದ್ದು ನೂರಕ್ಕೆ ಮೂರರಷ್ಟು. 1990ರಲ್ಲಿ ವಾಷಿಂಗ್ಟನ್ನಿನ ಒಂದು ಸಂಸ್ಥೆ ಭತ್ತದ ಗದ್ದೆ, ದನಕರುಗಳ ಮೀಥೇನನ್ನೂ ಲೆಕ್ಕಕ್ಕೆ ಸೇರಿಸಿ ಭಾರತವನ್ನು ದೊಡ್ಡ ತಪ್ಪಿತಸ್ಥರ ಸಾಲಿಗೆ ತಂದಿತು. ಮರುವರ್ಷವೇ ಅನಿಲ್ ಅಗರ್ವಾಲ್, ಸುನೀತಾ ನಾರಾಯಣ್ ಎದುರು ಬರೆದರು: ಹೊಟ್ಟೆಪಾಡಿನ ಹೊಗೆಯನ್ನೂ ಶೋಕಿಯ ಹೊಗೆಯನ್ನೂ ಒಂದೇ ತಕ್ಕಡಿಗೆ ಹಾಕ್ತೀರಾ ಅಂತ. ಸರಿಯಾದ ಪ್ರಶ್ನೆ.

ಇಲ್ಲಿಯವರೆಗೆ ದಿಲ್ಲಿಯ ಸರ್ಕಾರವೂ ನಮ್ಮ ಜೊತೆ ಚಪ್ಪಾಳೆ ಹೊಡೆಯುತ್ತದೆ. ಯಾವ ಪಕ್ಷದ ಸರ್ಕಾರ ಬಂದರೂ ಹೊರದೇಶದ ವೇದಿಕೆಯಲ್ಲಿ ಅದೇ ವಾದ: ವರ್ಷಕ್ಕೆ ಅಮೆರಿಕದವನ ತಲೆಗೆ ಸುಮಾರು 14 ಟನ್, ನಮ್ಮವನ ತಲೆಗೆ 2 ಟನ್. ನಿಜ. ಆದರೆ ಯಾರ ತಲೆ ಗೆಳೆಯರೇ? ಇಟ್ಟಿಗೆ ಹೊತ್ತ ತಲೆ, ಸೌದೆ ಹೊತ್ತ ತಲೆ, ವಿಮಾನದಲ್ಲಿ ಒರಗಿ ನಿದ್ದೆ ಹೋದ ತಲೆ, ಎಲ್ಲ ಕೂಡಿಸಿ ಭಾಗಿಸಿದರೆ ಬರುವ 2 ಟನ್ ಅದು. ಅಮೆರಿಕದವನ ಎದುರು ನಮ್ಮನ್ನು ಮುಂದೆ ನಿಲ್ಲಿಸಿ, ನಮ್ಮ ಬೆನ್ನ ಹಿಂದೆ ನಮ್ಮ ದೇಶದ ಸಿರಿವಂತ ಕೂತಿದ್ದಾನೆ. ಬಡವರ ಹಿಂದೆ ಅಡಗುವ ಈ ಆಟವನ್ನು 2007ರಲ್ಲೇ ಗ್ರೀನ್‌ಪೀಸ್‌ನ ಭಾರತದ ಶಾಖೆ ವರದಿ ಮಾಡಿ ಬಯಲಿಗೆಳೆದಿತ್ತು. ಊರ ದೇವಸ್ಥಾನದೊಳಕ್ಕೆ ಬಿಡದವರು ಲೆಕ್ಕದ ಪುಸ್ತಕದಲ್ಲಿ ಮಾತ್ರ ನಮ್ಮನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ.

ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟು ತೆಗೆಯುತ್ತಿದ್ದಾರೆ. ಕರೆಂಟು ತಂತಿ ಹಿಡಿದು ದೂರದ ಪಟ್ಟಣದ ಗಾಜಿನ ಕಟ್ಟಡ ತಣಿಸಲು ಹೋಗುತ್ತದೆ, ಬೂದಿ ಅಲ್ಲೇ ಉಳಿಯುತ್ತದೆ. ಅದೇ ಸೀಮೆಯಲ್ಲಿ ಮೇ ತಿಂಗಳ ಬಿಸಿಲಿಗೆ ಕೆರೆ ಹೂಳು ಎತ್ತುವವರು, ಡಾಂಬರು ಸುರಿಯುವವರು, ಚರಂಡಿ ಬಳಿಯುವವರು ಯಾವ ಜಾತಿಯವರು ಅಂತ ನಿಮಗೆ ಹೇಳಬೇಕಾಗಿಲ್ಲ. ನೆರಳಲ್ಲಿ ಕೂತು ಮಾಡುವ ಕೆಲಸ ನಮ್ಮಪ್ಪಂದಿರಿಗೆ ಯಾರೂ ಕೊಡಲಿಲ್ಲ.

ಹಾಗಂತ ಕರೆಂಟು ಬೇಡ ಅನ್ನುವವರು ನಾವಲ್ಲ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ದೇಶದ ವಿದ್ಯುತ್ ನೀತಿಗೆ ಕೈ ಹಾಕಿದವರು. ಗುಡಿಸಲಿಗೆ ದೀಪ ಬೇಕು, ಹಾಸ್ಟೆಲಿಗೆ ಫ್ಯಾನು ಬೇಕು. ಗಾಳಿ, ಬಿಸಿಲಿನ ಕರೆಂಟು ಬರುವಾಗಲೂ ಜಮೀನು ಯಾರದು ಹೋಯಿತು, ಕೆಲಸ ಯಾರಿಗೆ ಸಿಕ್ಕಿತು ಅಂತ ನಾವು ಕೇಳಬೇಕು. ಹೊಗೆ ಕಡಿಮೆ ಮಾಡುವ ಭಾರ ಹೊರಿಸುವಾಗ ಸೌದೆ ಒಲೆಯಿಂದ ಶುರು ಮಾಡಬೇಡಿ, ಮೇಲಿನಿಂದ ಶುರು ಮಾಡಿ ಅನ್ನುವುದು ನಮ್ಮ ಒತ್ತಾಯ.

ಈ ರಜೆಗೆ ಊರಿಗೆ ಹೋದಾಗ ನಿಮ್ಮ ಅಪ್ಪ ಅವ್ವ ಬಿಸಿಲಲ್ಲಿ ಎಷ್ಟು ಹೊತ್ತು ದುಡಿಯುತ್ತಾರೆ, ಮನೆಯಲ್ಲಿ ಎಷ್ಟು ಬಲ್ಬು ಉರಿಯುತ್ತವೆ, ಊರ ಗೌಡರ ಮನೆಯಲ್ಲಿ ಏನೇನು ಓಡುತ್ತವೆ, ಬರೆದುಕೊಂಡು ಬನ್ನಿ. ಮುಂದಿನ ಸಂಚಿಕೆಯಲ್ಲಿ ಅದನ್ನೇ ಹಾಕುತ್ತೇವೆ.