ಕೀಲಿಕೈ ಒಪ್ಪಿಸಿ ಹೋದವರ ಊರು

ಹುಬ್ಬಳ್ಳಿ-ಧಾರವಾಡದಿಂದ ಕಾರಿನಲ್ಲಿ ಗೋವಾಕ್ಕೆ ಹೊರಟವರಿಗೆ ನಡುವೆ ಎಲ್ಲೂ ನಿಲ್ಲುವ ಮನಸ್ಸಿರುವುದಿಲ್ಲ. ರಾಮನಗರ (ಬೆಂಗಳೂರಿನ ಪಕ್ಕದ್ದಲ್ಲ, ಜೋಯಿಡಾ ತಾಲ್ಲೂಕಿನದು) ದಾಟಿ, ಅನಮೋಡ ಘಾಟು ಇಳಿದರೆ ಮುಗೀತು. ಈ ಸಲ ನಾವು ಹೆದ್ದಾರಿ ಬಿಟ್ಟು ಕಾಡಿನ ದಾರಿ ಹಿಡಿದು ಕ್ಯಾಸಲ್‌ರಾಕ್‌ಗೆ ಹೋದೆವು. "ಅಲ್ಲೇನೈತಿ ನೋಡೂದು?" ಅಂದರು ನಮ್ಮ ಯಜಮಾನರು. ಮಾತು ಸುಳ್ಳಲ್ಲ. ಒಂದು ಸ್ಟೇಷನ್ನು, ಸಾಲು ಸಾಲು ಕ್ವಾರ್ಟರ್ಸು, ನಾಲ್ಕಾರು ಅಂಗಡಿ, ಸುತ್ತ ಕಾಡು. ಅಷ್ಟೇ.

ಆದರೆ ಈ ಪುಟ್ಟ ಸ್ಟೇಷನ್ನು ಒಂದು ಕಾಲದಲ್ಲಿ ದೇಶದ ಗಡಿಯಾಗಿತ್ತು. ಬ್ರಿಟಿಷರೂ ಪೋರ್ಚುಗೀಸರೂ 1878ರಲ್ಲಿ ಒಪ್ಪಂದ ಮಾಡಿಕೊಂಡ ಮೇಲೆ ಮುರಗಾಂವ ಬಂದರಿನಿಂದ ಘಟ್ಟ ಹತ್ತಿಸಿ ಹಳಿ ಹಾಕಿದರು. 1888ರ ಹೊತ್ತಿಗೆ ರೈಲು ಇಲ್ಲಿಗೆ ಬಂತು. ಈಚೆ ನಮ್ಮ ಕಸ್ಟಮ್ಸು, ಆಚೆ ಕುಳೆಮಿನಲ್ಲಿ ಪೋರ್ಚುಗೀಸರದ್ದು. ಪ್ರಯಾಣಿಕರ ಪೆಟ್ಟಿಗೆ, ಗಂಟು ಎಲ್ಲ ಬಿಚ್ಚಿ ನೋಡಿಯೇ ಮುಂದೆ ಬಿಡುತ್ತಿದ್ದರು. ರೈಲು ನಿಲ್ಲಲೇಬೇಕು, ಜನ ಕಾಯಲೇಬೇಕು. ಕಾಯುವವರಿಗೆ ಚಹಾ ಬೇಕು, ಊಟ ಬೇಕು, ಕೂಲಿಯವನು ಬೇಕು. ಊರು ಬದುಕಿದ್ದೇ ಹಾಗೆ.

1955ರಲ್ಲಿ ಗೋವಾದ ಜೊತೆ ರೈಲು ಸಂಚಾರ ನಿಂತಿತು. 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆಯಾದಾಗ ದೇಶಕ್ಕೆಲ್ಲ ಸಂತೋಷ. ಕ್ಯಾಸಲ್‌ರಾಕ್‌ನ ಗಡಿಯ ಕೆಲಸ ಮಾತ್ರ ಅಲ್ಲಿಗೆ ಮುಗಿಯಿತು. ಆಮೇಲೆ ಉಗಿಬಂಡಿ ಹೋದವು, 1990ರ ದಶಕದಲ್ಲಿ ಮೀಟರ್‌ಗೇಜೂ ಹೋಯಿತು.

ಈಗಲೂ ರೈಲು ನಿಲ್ಲುತ್ತದೆ. 37 ಅಡಿ ಸಾಗಿದರೆ ಒಂದು ಅಡಿ ಏರುವ ಘಟ್ಟ ಇದು. ಹೆಚ್ಚುವರಿ ಎಂಜಿನ್ ಇಲ್ಲದೆ ಭಾರದ ಗಾಡಿ ಹತ್ತುವುದಿಲ್ಲ. ನಾವಿದ್ದಾಗಲೇ ಕಲ್ಲಿದ್ದಲು ತುಂಬಿದ ಗೂಡ್ಸೊಂದು ಏದುಸಿರು ಬಿಡುತ್ತ ಬಂದು ನಿಂತಿತು. ಯಾರೂ ಇಳಿಯಲಿಲ್ಲ, ಯಾರೂ ಚಹಾ ಕೇಳಲಿಲ್ಲ.

ಅಂಗಡಿಯಲ್ಲಿ ಚಹಾ ಕೊಟ್ಟ ಅಜ್ಜಿಯನ್ನು, "ಆ ಕ್ವಾರ್ಟರ್ಸಿನ್ಯಾಗ ಇದ್ದವ್ರು ಎಲ್ಲಿ ಹೋದ್ರು ಅಜ್ಜಿ?" ಅಂತ ಕೇಳಿದೆ.

"ರಿಟೈರ್ ಆದ್ರು, ಹೋದ್ರು. ಮನಿ ರೈಲ್ವೇದಲ್ಲವಾ, ಅವ್ರದೇನೈತಿ?" ಅಂದಳು.

ನನಗೆ ನಾಟಿದ್ದು ಈ ಮಾತು. ಹಳ್ಳಿ ಬರಿದಾದರೂ ಅಲ್ಲೊಂದು ಹಿರೀಕರ ಮನೆ ಇರುತ್ತದೆ. ಹೊಲ ಇರುತ್ತದೆ, ಜಾತ್ರೆಗಾದರೂ ಮಕ್ಕಳು ಬರುತ್ತಾರೆ. ರೈಲ್ವೆ ಊರಿನಲ್ಲಿ ಹಾಗಲ್ಲ. ಮೂವತ್ತು ವರ್ಷ ದುಡಿದವನೂ ಕೀಲಿಕೈ ಒಪ್ಪಿಸಿ ಸಾಮಾನು ಕಟ್ಟಬೇಕು. ನಮ್ಮಪ್ಪನೂ ಹಾಗೇ ಒಪ್ಪಿಸಿದವರು, ಲೋಂಡಾದಲ್ಲಿ. ಮದುವೆ ಮಾತುಕತೆಗೆ ಬಂದವರು "ನಿಮ್ಮ ಮೂಲ ಊರು ಯಾವುದ್ರೀ?" ಅಂದಾಗ ಅಪ್ಪ ಒಂದು ಕ್ಷಣ ಸುಮ್ಮನಾಗುತ್ತಿದ್ದರು. ನಾನು ಹುಟ್ಟಿ ಬೆಳೆದ ಮನೆಯ ಹಿತ್ತಲಿನ ಪೇರಲ ಗಿಡ ಈಗ ಇದೆಯೋ ಇಲ್ಲವೋ. ಅದನ್ನು ನನ್ನದು ಅನ್ನಲು ಕಾಗದ ಪತ್ರವಿಲ್ಲ, ಮಗಳನ್ನು ಕರೆದೊಯ್ದು ತೋರಿಸಲು ಬಾಗಿಲೂ ಇಲ್ಲ.

ನಮ್ಮ ರಾಜ್ಯದಲ್ಲಿ ಇಂಥ ಜಂಕ್ಷನ್ನು, ಕಾಲೊನಿಗಳಲ್ಲಿ ಬೆಳೆದವರು ಸಾವಿರಾರು ಮಂದಿ ಇದ್ದೇವೆ. ನಿಮ್ಮ ಮನೆಯಲ್ಲೂ ಗಾರ್ಡು, ಫೋರ್‌ಮನ್, ಗ್ಯಾಂಗ್‌ಮನ್ ಆಗಿದ್ದ ಅಜ್ಜನೋ ಮಾಮನೋ ಇದ್ದರೆ ಒಂದು ಸಂಜೆ ಹತ್ತಿರ ಕೂತು ಕೇಳಿ: ಯಾವ್ಯಾವ ಸ್ಟೇಷನ್ನಿನಲ್ಲಿ ಇದ್ದಿರಿ, ಪಕ್ಕದ ಮನೆಯಲ್ಲಿ ಯಾರಿದ್ದರು, ದೀಪಾವಳಿಗೆ ಏನು ಮಾಡುತ್ತಿದ್ದಿರಿ. ಬರೆದಿಡಿ, ಇಲ್ಲವೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡಿ. ಆ ಊರಿಗೆ ಉಳಿಯುವ ಆಸ್ತಿ ಇದೊಂದೇ.

ಗೋವಾಕ್ಕೆ ಹೋಗುವಾಗ ಸಮಯವಿದ್ದರೆ ಆ ಕಡೆ ತಿರುಗಿ. ಹಳಿಯ ಮೇಲೆ ನಡೆದು ದೂಧಸಾಗರಕ್ಕೆ ಹೋಗುವುದನ್ನು ರೈಲ್ವೆ ನಿಷೇಧಿಸಿದೆ, ಆ ಸಾಹಸ ಬೇಡ. ಅಜ್ಜಿಯ ಅಂಗಡಿಯಲ್ಲಿ ಚಹಾ ಕುಡಿದು, ಎರಡು ಮಾತಾಡಿ ಬನ್ನಿ.