ಗೇಟಿನ ಗಡಿಯಾರ

ಗುಂಡ್ಲುಪೇಟೆಯಿಂದ ಗೂಡಲೂರಿನ ದಾರಿ ಹಿಡಿದ ಲಾರಿಯ ಚಾಲಕನಿಗೆ ಹಂಗಳದ ಬಳಿ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಕಾಣುತ್ತದೆ. ಆದರೆ ಸಂಜೆ ಕಳೆದರೆ ಅವನ ದೃಷ್ಟಿಯೆಲ್ಲ ಗಡಿಯಾರದ ಮೇಲೆ. ಮುಂದಿನ ಬಂಡೀಪುರದ ಕಾಡಿನಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನಸಂಚಾರ ನಿಷಿದ್ಧ. ಗೇಟು ಮುಚ್ಚುವ ಮುನ್ನ ಮುಟ್ಟುವ ಆತುರದ ಬೆಲೆಯನ್ನು ಡೀಸೆಲ್ಲಿನಲ್ಲಿ ತೆರಬೇಕು. ವೇಗ ಗಂಟೆಗೆ 60ರಿಂದ 80 ಕಿಲೋಮೀಟರಿಗೆ ಏರಿದರೆ ಗಾಳಿಯ ತಡೆ ಮುಕ್ಕಾಲು ಪಾಲಿಗೂ ಮಿಗಿಲಾಗಿ ಹೆಚ್ಚುತ್ತದೆ.

ವೇಗವನ್ನು ತಾನೇ ಕಾಯುವ ಕ್ರೂಸ್ ಕಂಟ್ರೋಲ್ ಸಮತಟ್ಟಾದ ಹೆದ್ದಾರಿಯಲ್ಲಿ ಮಿತವ್ಯಯಿ. ಏರುತಗ್ಗಿನ ದಾರಿಯಲ್ಲಿಯಾದರೋ ಸಾಧಾರಣ ಯಂತ್ರವು ಮುಂದಿನ ಇಳಿಜಾರನ್ನು ಅರಿಯದೆ ದಿಬ್ಬದ ನೆತ್ತಿಯವರೆಗೂ ಎಣ್ಣೆ ಸುರಿಯುತ್ತದೆ. ನುರಿತ ಚಾಲಕನು ನೆತ್ತಿ ಸಮೀಪಿಸುತ್ತಲೇ ಕಾಲು ಸಡಿಲಿಸಿ, ಗೇರಿನಲ್ಲಿಯೇ ಇಳಿಯುತ್ತಾನೆ. ಆಗ ಈಗಿನ ಎಂಜಿನ್ನುಗಳಲ್ಲಿ ಡೀಸೆಲ್ಲಿನ ಹರಿವೇ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಿ ಇಳಿಯುವವನದು ಉಳಿತಾಯದ ಭ್ರಮೆ: ಎಂಜಿನ್ನು ಎಣ್ಣೆ ಕುಡಿಯುತ್ತಲೇ ಇರುತ್ತದೆ, ಗಾಡಿಯ ಮೇಲಿನ ಹಿಡಿತವೂ ಸಡಿಲುತ್ತದೆ.

ಅರ್ಧ ಗಂಟೆ ಮೊದಲು ಹೊರಟವನಿಗೆ ಈ ಆತುರವೇ ಇಲ್ಲ. ಅವನ ಎಣ್ಣೆಯೂ ಉಳಿದೀತು, ರಸ್ತೆ ದಾಟುವ ಜಿಂಕೆಯ ಪ್ರಾಣವೂ ಉಳಿದೀತು.