ಪರದೆ ಎಳೆದ ಮೂಲೆ

ಮುಂಬಯಿಯ ಫೋರ್ಟ್‌ನಲ್ಲಿ ಹುತಾತ್ಮ ಚೌಕದ ಸುತ್ತಮುತ್ತ ಒಂದು ಸಂಜೆ ಓಡಾಡಿದರೆ, ಹರೆಯದ ಮಕ್ಕಳನ್ನು ಕೆಟ್ಟ ಪುಸ್ತಕ, ಕೆಟ್ಟ ಚಿತ್ರ, ಕೆಟ್ಟ ಚಟಗಳಿಂದ ಕಾಯಲು ನಾವು ಪಟ್ಟ ಪಾಡಿನ ಅರ್ಧ ಚರಿತ್ರೆ ಅಲ್ಲಿಯೇ ಸಿಕ್ಕಿಬಿಡುತ್ತದೆ. ಎಸ್‌ಪ್ಲನೇಡ್ ಕೋರ್ಟ್ ಅಲ್ಲಿದೆ, ಹೈಕೋರ್ಟ್ ಅಲ್ಲಿದೆ. 1995ರ ಆಗಸ್ಟ್ 15ರಂದು ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದುಕೊಟ್ಟ ವಿದೇಶ್ ಸಂಚಾರ್ ನಿಗಮದ ಕಟ್ಟಡವೂ ಅಲ್ಲಿಯೇ, ಮಹಾತ್ಮ ಗಾಂಧಿ ರಸ್ತೆಯಲ್ಲಿ.

ಮೊದಲು ಎಸ್‌ಪ್ಲನೇಡ್ ಕೋರ್ಟಿನ ಕಥೆ. 1959ರ ಡಿಸೆಂಬರ್‌ನಲ್ಲಿ ಮುಂಬಯಿಯ ಒಂದು ಪುಸ್ತಕದಂಗಡಿಗೆ ಗಿರಾಕಿಯ ಸೋಗಿನಲ್ಲಿ ಬಂದವನೊಬ್ಬ ಡಿ. ಎಚ್. ಲಾರೆನ್ಸನ 'ಲೇಡಿ ಚಾಟರ್ಲೀಸ್ ಲವರ್' ಕೊಂಡುಕೊಂಡ. ಅಂಗಡಿಯ ಪಾಲುದಾರರಾದ ರಂಜಿತ್ ಉದೇಶಿ ಮತ್ತು ಸಂಗಡಿಗರ ಮೇಲೆ ಅಶ್ಲೀಲತೆಯ ಮೊಕದ್ದಮೆ ನಡೆಯಿತು. ಲೇಖಕ ಮುಲ್ಕ್ ರಾಜ್ ಆನಂದ್ ಬಂದು ಇದು ಸಾಹಿತ್ಯ ಎಂದು ಸಾಕ್ಷಿ ನುಡಿದರು. ಆದರೂ ತಲಾ 20 ರೂಪಾಯಿ ದಂಡ ಬಿತ್ತು. 1964ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಅಳತೆಗೋಲು ಮಾತ್ರ 1868ರ ಇಂಗ್ಲೆಂಡಿನದು, ಸುಲಭವಾಗಿ ಕೆಡಬಹುದಾದ ಮನಸ್ಸಿನ ಕೈಗೆ ಇದು ಸಿಕ್ಕರೆ ಏನಾದೀತು ಎಂಬುದು. ಈ ಪ್ರಕರಣವನ್ನು ಓದಿದಾಗಲೆಲ್ಲ ನನ್ನನ್ನು ಕಾಡುವ ಸಂಗತಿ ಒಂದಿದೆ. ಕೊಂಡವನು ದೊಡ್ಡವನು, ಮಾರಿದವರು ದೊಡ್ಡವರು, ವಾದಿಸಿದವರು, ತೀರ್ಪು ಕೊಟ್ಟವರು ಎಲ್ಲರೂ ದೊಡ್ಡವರು. ಯಾರ ಮನಸ್ಸು ಕೆಟ್ಟೀತೆಂದು ಇಷ್ಟೆಲ್ಲ ನಡೆಯಿತೋ ಆ ಎಳೆಯನನ್ನು ಕರೆದು ಮಾತಾಡಿಸಿದವರು ಯಾರೂ ಇರಲಿಲ್ಲ.

ಆಮೇಲೆ ಸೈಬರ್ ಕೆಫೆಗಳು ಬಂದವು. ಗಂಟೆಗಿಷ್ಟು ಎಂದು ದುಡ್ಡು ಕೊಟ್ಟರೆ ಪ್ಲೈವುಡ್ ಹಲಗೆಯ ಗೂಡು, ಅದಕ್ಕೊಂದು ಪರದೆ. ಯೂನಿಫಾರಂ ತೊಟ್ಟ ಹುಡುಗರು ಇಬ್ಬಿಬ್ಬರಾಗಿ ಒಳಗೆ ಹೋಗುತ್ತಿದ್ದುದನ್ನು ಆ ಕಾಲದವರೆಲ್ಲ ಕಂಡಿದ್ದಾರೆ. 2001ರಲ್ಲಿ, ಅಲ್ಲಿ ಮಕ್ಕಳ ಕಣ್ಣಿಗೆ ಬೀಳುವ ಅಶ್ಲೀಲ ಚಿತ್ರಗಳ ವಿಷಯವಾಗಿ ಬಂದ ಪತ್ರವೊಂದನ್ನು ಮುಂಬಯಿ ಹೈಕೋರ್ಟ್ ಅರ್ಜಿಯೆಂದೇ ಸ್ವೀಕರಿಸಿ ಸಮಿತಿಯೊಂದನ್ನು ನೇಮಿಸಿತು. ಸಮಿತಿಯ ವರದಿ 2002ರ ಜನವರಿಯಲ್ಲಿ ಬಂತು. ಅದರ ಒಂದು ಶಿಫಾರಸನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ: ಅಪ್ರಾಪ್ತ ವಯಸ್ಸಿನವರನ್ನು ಗೂಡಿನೊಳಗೆ ಕೂರಿಸಬಾರದು, ಎಲ್ಲರೂ ಓಡಾಡುವ ತೆರೆದ ಜಾಗದ ಯಂತ್ರಗಳನ್ನೇ ಅವರಿಗೆ ಕೊಡಬೇಕು. ಹುಡುಗನನ್ನು ಹೊರಗಟ್ಟಿ ಎಂದು ಸಮಿತಿ ಹೇಳಲಿಲ್ಲ. ನಮ್ಮ ಕರಾವಳಿಯ ಮನೆಗಳ ಚಾವಡಿಯ ನ್ಯಾಯ ಇದು. ಚಾವಡಿಯಲ್ಲಿ ಕೂತ ಹುಡುಗನನ್ನು ಯಾರೂ ವಿಚಾರಣೆ ಮಾಡುವುದಿಲ್ಲ, ಆದರೆ ಅಜ್ಜಿ ಹಾದುಹೋಗುತ್ತಾಳೆ, ಮಾವ ಎಲೆಯಡಿಕೆಗೆ ಬಂದು ಕೂರುತ್ತಾರೆ.

ಆ ಶಿಫಾರಸು ಹಳತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಗೂಡು ಚಿಕ್ಕದಾಗಿ ಅಂಗಿಯ ಜೇಬಿಗೆ ಬಂತು. 2015ರಲ್ಲಿ ಸರ್ಕಾರ 857 ಅಶ್ಲೀಲ ಜಾಲತಾಣಗಳನ್ನು ಒಮ್ಮೆಲೇ ಮುಚ್ಚಿಸಿ, ಗದ್ದಲವೆದ್ದ ಮೇಲೆ ಕೆಲವೇ ದಿನಗಳಲ್ಲಿ ಆ ಆದೇಶವನ್ನು ಸಡಿಲಿಸಿತು. ಮುಚ್ಚುವುದರಿಂದ ಪ್ರಯೋಜನವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಮಗುವಿಗೆ ಅಶ್ಲೀಲ ವಸ್ತು ಮಾರಿದವನಿಗೆ ಹೆಚ್ಚಿನ ಶಿಕ್ಷೆ ಹಿಂದಿನ ದಂಡಸಂಹಿತೆಯಲ್ಲೂ ಇತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ, ಇರಲೇಬೇಕು. ಆದರೆ ರಾತ್ರಿ ಹನ್ನೊಂದಕ್ಕೆ ಹೊದಿಕೆಯೊಳಗೆ ಫೋನು ಹಿಡಿದಿರುವ ಹದಿಮೂರರ ಹುಡುಗನ ಬಳಿಗೆ ಯಾವ ಸಂಹಿತೆಯೂ ಹೋಗಿ ಕೂರಲಾರದು.

ಫೋರ್ಟ್‌ನ ಉತ್ತರದ ತುದಿಯಲ್ಲಿ, ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಆಸುಪಾಸಿನಲ್ಲಿ, ಇದೇ ಕಥೆಯ ಇನ್ನೊಂದು ಮುಖವಿದೆ. ಅಂಗೈಯಲ್ಲಿ ಬಟ್ಟೆಯ ತುಂಡು ಮಡಚಿಟ್ಟು ಮೂಗಿಗೆ ಒತ್ತಿಕೊಂಡ ಹುಡುಗ. ಬಟ್ಟೆಯಲ್ಲಿರುವುದು ವೈಟ್ನರ್ ಅಥವಾ ಟ್ಯೂಬಿಗೆ ಪಂಕ್ಚರ್ ಹಾಕುವ ಸೊಲ್ಯೂಷನ್. ದೊಡ್ಡವರ ಗರ್ದಿಗೆ, ಅಂದರೆ ಬ್ರೌನ್ ಶುಗರಿಗೆ, ಬೇಕಾದ ದುಡ್ಡು ಅವನಲ್ಲಿಲ್ಲ. ಇದು ಸಾಮಾನ್ಯ ಅಂಗಡಿಯಲ್ಲೇ ಸಿಗುತ್ತದೆ, ಹಸಿವು ಮರೆಸುತ್ತದೆ. ಈ ಆವಿ ಹೃದಯದ ಬಡಿತವನ್ನು ತಪ್ಪಿಸಿ, ಮೊದಲ ಸಲ ಮೂಸಿದವನನ್ನೇ ಕೊಂದುಬಿಡಬಲ್ಲದು. ಕೇಂದ್ರ ಸರ್ಕಾರಕ್ಕಾಗಿ ದಿಲ್ಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಮದ್ಯ, ಗಾಂಜಾ, ಅಫೀಮು ಎಲ್ಲದರಲ್ಲೂ ದೊಡ್ಡವರದೇ ಮೇಲುಗೈ. ಮೂಸುವ ಅಮಲಿನಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ದೊಡ್ಡವರಲ್ಲಿ ಶೇ. 0.58, ಮಕ್ಕಳು ಮತ್ತು ಹರೆಯದವರಲ್ಲಿ ಶೇ. 1.17. ಈ ಎರಡು ಅಂಕಿಗಳನ್ನು ಒಟ್ಟಿಗೆ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಇದು ಮಕ್ಕಳದೇ ಅಮಲು, ನಾವು ಶಾಲೆಯ ಬ್ಯಾಗಿನಲ್ಲಿ ಇಟ್ಟು ಕಳಿಸುವ ಸಾಮಾನಿನಿಂದಲೇ ಹುಟ್ಟಿದ್ದು.

ಫೋನಿನ ಹುಡುಗ, ಬಟ್ಟೆಯ ಹುಡುಗ ಬೇರೆ ಬೇರೆ ವರ್ಗದವರು, ನಿಜ. ಆದರೂ ಇಬ್ಬರಿಗೂ ಮೊದಲ ಸಲ ತೋರಿಸಿಕೊಟ್ಟವನು ಹೆಚ್ಚಾಗಿ ಎರಡು ಮೂರು ವರ್ಷ ದೊಡ್ಡವನಾದ ಗೆಳೆಯ. ಇಬ್ಬರಿಗೂ ನಾಚಿಕೆ ಬಾಯಿ ಕಟ್ಟಿದೆ. ಹೇಳಿಕೊಂಡರೆ ಹೊಡೆತ ಎಂಬುದು ಇಬ್ಬರಿಗೂ ಗೊತ್ತು. ತಂದೆತಾಯಿಯರ ಭಯವೂ ಸಣ್ಣದಲ್ಲ. ಡಾಕ್ಟರ ಬಳಿ ಹೋದರೆ ಪೊಲೀಸ್ ಕೇಸಾದೀತೆಂದು ಮುಚ್ಚಿಡುವ ಮನೆಗಳನ್ನು ನಾನು ಬಲ್ಲೆ. ಆದರೆ 1985ರ ಮಾದಕವಸ್ತು ಕಾಯ್ದೆಯ 64ಎ ಕಲಮು ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ, ಸೇವನೆ ಮತ್ತು ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ, ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ವ್ಯಸನಮುಕ್ತಿಯ ಸಹಾಯವಾಣಿ 14446, ಮಕ್ಕಳ ಸಹಾಯವಾಣಿ 1098. ಈ ಎರಡನೆಯದು 1996ರಲ್ಲಿ ಮುಂಬಯಿಯಲ್ಲೇ, ಬೀದಿಯ ಮಕ್ಕಳಿಗೋಸ್ಕರ ಶುರುವಾದದ್ದು.

ಫೋರ್ಟ್ ಎಂದರೆ ಕನ್ನಡಿಗರಿಗೆ ಇನ್ನೊಂದು ನೆನಪು ಇದೆ. ದಕ್ಷಿಣ ಕನ್ನಡದಿಂದ ಹತ್ತು ಹನ್ನೆರಡರ ವಯಸ್ಸಿಗೆ ಬಂದು ಇಲ್ಲಿನ ಹೊಟೇಲು, ಕ್ಯಾಂಟೀನುಗಳಲ್ಲಿ ಲೋಟ ತೊಳೆದ ಹುಡುಗರು ಎಷ್ಟು ಮಂದಿ! ಅಮ್ಮನಿಲ್ಲ, ಮನೆಯಿಲ್ಲ, ರಾತ್ರಿ ಮೇಜು ಒರೆಸಿ ಅದರ ಮೇಲೆಯೇ ಮಲಗುವುದು. ಕಿಸೆಯಲ್ಲಿ ನಾಲ್ಕು ಕಾಸು, ಹೊರಗೆ ಇಡೀ ಮುಂಬಯಿ. ಕೆಟ್ಟುಹೋದವರು ಇಲ್ಲವೆಂದಲ್ಲ, ಬೀಡಿಗೆ, ಮಟ್ಕಾಕ್ಕೆ, ಕಂಟ್ರಿ ಸಾರಾಯಿಗೆ ಬಿದ್ದವರು ಇದ್ದರು. ಮಕ್ಕಳ ದುಡಿಮೆಯನ್ನು ಹೊಗಳುವ ಪಾಪ ನನಗೆ ಬೇಡ. ಆದರೆ ಆ ಹುಡುಗರಿಗಾಗಿ ಮುಂಬಯಿ ಕನ್ನಡಿಗರು ರಾತ್ರಿ ಶಾಲೆಗಳನ್ನು ಕಟ್ಟಿದರು. ಮೊಗವೀರರ ರಾತ್ರಿ ಶಾಲೆಯಂಥವು ತಲೆಮಾರುಗಳನ್ನೇ ಓದಿಸಿದವು. ಹಗಲು ಆಫೀಸಿನಲ್ಲಿ ದುಡಿದ ಗುಮಾಸ್ತರು ಸಂಜೆ ಅಲ್ಲಿ ಮಾಸ್ಟ್ರಾಗುತ್ತಿದ್ದರು. ಅಲ್ಲಿ ಕಲಿತವರನ್ನು ಕೇಳಿದರೆ ಪಾಠದ ಸುದ್ದಿಗಿಂತ ಹಾಜರಿಯ ಸುದ್ದಿ ಹೆಚ್ಚು ಹೇಳುತ್ತಾರೆ. ಹುಡುಗ ಎರಡು ದಿನ ಕಾಣದಿದ್ದರೆ ಮೂರನೆಯ ದಿನ ಮಾಸ್ಟ್ರು ಹೊಟೇಲಿನ ಗಲ್ಲಾದ ಮುಂದೆ ನಿಂತಿರುತ್ತಿದ್ದರು. ಒಂದು ಚಾ ತರಿಸಿ, ತಂದುಕೊಟ್ಟ ಹುಡುಗನನ್ನೇ ಕೇಳುತ್ತಿದ್ದರು: "ಎಂತ ಮಾರಾಯ, ಎರಡು ದಿನ ಎಲ್ಲಿ ಹೋಗಿದ್ದಿ?"